ಕುದುರೆಗೂ ಸವಾರನಿಗೂ ಒಪ್ಪುವ ಜೀನು

ಕುದುರೆಯ ಬೆನ್ನು ಮನುಷ್ಯನನ್ನು ಹೊರುವುದಕ್ಕೆಂದು ನಿರ್ಮಿತವಾದುದಲ್ಲ. ಮುಂಗಾಲುಗಳಿಗೂ ಹಿಂಗಾಲುಗಳಿಗೂ ನಡುವೆ ಚಾಚಿಕೊಂಡು, ಕೆಳಗಡೆ ಜೋತಿರುವ ಉದರದ ಭಾರವನ್ನು ತಾಳಿಕೊಳ್ಳುವುದೇ ಅದರ ಸಹಜಧರ್ಮ. ಮೇಲಿನಿಂದ ಬಂದು ಕೂರುವ ಭಾರವು ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಅದಕ್ಕೆ ವಹಿಸಿದ ಹೆಚ್ಚಿನ ಹೊಣೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಗ್ರಂಥವನ್ನು ರಚಿಸಿದ ಗ್ರೀಕ್ ಸೇನಾನಿ ಕ್ಸೆನೊಫನ್ನನ ಕಾಲದಲ್ಲಿ ಗ್ರೀಕರಿಗೆ ಚೌಕಟ್ಟುಳ್ಳ ಜೀನೂ ಇರಲಿಲ್ಲ, ರಿಕಾಬೂ ಇರಲಿಲ್ಲ. ಆದರೂ ಬೆನ್ನುಮೂಳೆಯ ಎರಡು ಮಗ್ಗುಲುಗಳಲ್ಲಿಯೂ ಮಾಂಸವು ತುಂಬಿಕೊಂಡು, ಮೂಳೆಯು ಅದರ ನಡುವೆ ಅಡಗಿರುವಂಥ ಬೆನ್ನು ಕೂರುವುದಕ್ಕೆ ಲೇಸಾದುದೆಂಬುದನ್ನು ಅವನು ಗುರುತಿಸಿದ್ದನು. ಅಲ್ಲಿಂದೀಚೆಗೆ ಜೀನಿನ ಶಿಲ್ಪವು ಎಷ್ಟೆಷ್ಟು ರೂಪಗಳನ್ನು ತಾಳಿದ್ದರೂ ಅದರ ಮೂಲತತ್ತ್ವವು ಆ ಗುರುತಿನೊಳಗೇ ಇದೆ: ಭಾರವು ಬೆನ್ನಿನ ಎಡಬಲಗಳಲ್ಲಿ ಉದ್ದಕ್ಕೆ ಹರಿದಿರುವ ಮಾಂಸಖಂಡಗಳ ಮೇಲೆ ಹರಡಿಕೊಳ್ಳಬೇಕು, ಮೂಳೆಯ ಮೇಲೆ ಎಳ್ಳಷ್ಟೂ ಬೀಳಬಾರದು.

ಇದಕ್ಕಾಗಿಯೇ ಜೀನಿನ ಒಡಲಲ್ಲಿ ಮರದಿಂದಲೋ, ಮರಕ್ಕೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿಯೋ, ಇತ್ತೀಚಿನ ದಿನಗಳಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಚೌಕಟ್ಟೊಂದಿರುತ್ತದೆ. ಅದರ ಅಡಿಯಲ್ಲಿ ಉಣ್ಣೆಯನ್ನಾಗಲಿ ಫೋಮನ್ನಾಗಲಿ ತುಂಬಿದ ಎರಡು ಮೆತ್ತೆಗಳಿರುತ್ತವೆ. ಆ ಎರಡರ ನಡುವೆ, ಮುಂದಿನಿಂದ ಹಿಂದಿನವರೆಗೆ, ಬೆನ್ನುಮೂಳೆಗೆಂದೇ ಬಿಟ್ಟ ಬರಿದಾದ ಓಣಿಯಿರುತ್ತದೆ. ಮೇಲೆ ಕಾಣುವ ತೊಗಲಿನ ಹೊಳಪು, ಹೊಲಿಗೆಯ ಅಂದ, ತಯಾರಕನ ಹೆಸರು ಇವೆಲ್ಲವೂ ಕೊಳ್ಳುವವನ ಕಣ್ಣನ್ನು ಸೆಳೆಯತಕ್ಕವು. ಕುದುರೆಗೆ ತಿಳಿಯುವುದು ಈ ಚೌಕಟ್ಟು, ಈ ಮೆತ್ತೆ, ಈ ಓಣಿ ಇಷ್ಟೇ. ಅಂಗಡಿಯಲ್ಲಿ ಮರದ ಅಡ್ಡೆಯ ಮೇಲಿಟ್ಟ ಜೀನಿನ ಮೇಲೆ ತಾನು ಕುಳಿತು ನೋಡಿ, ಸುಖವಾಗಿದೆಯೆಂದು ಹಣ ತೆತ್ತು ತರುವವನು ಅರ್ಧ ಪರೀಕ್ಷೆಯನ್ನು ಮಾತ್ರ ಮಾಡಿರುತ್ತಾನೆ. ಅದೂ ಎರಡನೆಯದಾಗಿ ಮಾಡಬೇಕಾಗಿದ್ದ ಅರ್ಧ.

ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಸವಾರಿ ಕಲಿಯುವವರಿಗೆ ದೊರಕುವ ಕುದುರೆಗಳಲ್ಲಿ ಪಂದ್ಯದ ಕಣದಿಂದ ನಿವೃತ್ತವಾದ ಥರೋಬ್ರೆಡ್ ಜಾತಿಯವು ಬಹಳ. ಇವುಗಳ ಹೆಗಲ ದಿಬ್ಬವು, ಎಂದರೆ ಕತ್ತು ಮುಗಿದು ಬೆನ್ನು ತೊಡಗುವೆಡೆಯಲ್ಲಿ ಎದ್ದು ನಿಂತಿರುವ ಮೂಳೆಯ ಸಾಲು, ಸಾಮಾನ್ಯವಾಗಿ ಎತ್ತರವಾಗಿಯೂ ನೀಳವಾಗಿಯೂ ಇರುತ್ತದೆ. ಅದರ ಹಿಂಬದಿಯ ಎರಡು ಪಕ್ಕಗಳೂ ಮಾಂಸವಿಲ್ಲದೆ ಕುಳಿಬಿದ್ದಿರುವುದುಂಟು. ಪಂದ್ಯದ ದಿನಗಳಲ್ಲಿ ಇವು ಹೊತ್ತದ್ದು ಬಹು ಹಗುರವಾದ ಜೀನನ್ನೂ, ರಿಕಾಬುಗಳ ಮೇಲೆ ನಿಂತು ಮುಂದಕ್ಕೆ ಬಾಗಿ ಸಾಗುವ ಜಾಕಿಯನ್ನೂ. ಪೂರ್ಣಪ್ರಮಾಣದ ಜೀನಿನಲ್ಲಿ ಭಾರವನ್ನೆಲ್ಲ ಇಳಿಬಿಟ್ಟು ಕೂರುವ ಸವಾರನು ಇವುಗಳ ಬೆನ್ನಿಗೆ ಹೊಸ ಅನುಭವ. ಇಂಥ ಕುದುರೆಗೂ, ದುಂಡನೆಯ ಬೆನ್ನಿನ ಮಟ್ಟಕ್ಕೂ, ಗಿಡ್ಡ ಬೆನ್ನಿನ ಮಾರವಾಡಿ ಕುದುರೆಗೂ ಲಾಯದ ಗೂಟದಲ್ಲಿ ತೂಗುವ ಒಂದೇ ಜೀನನ್ನು ಸರದಿಯಂತೆ ಬಿಗಿಯುವ ರೂಢಿಯು ಅನೇಕ ಕಡೆ ಕಾಣುತ್ತದೆ. ಅದನ್ನು ಬಿಡಿಸುವುದು ಈ ಲೇಖನದ ಮೊದಲ ಆಶಯ.

ಜೀನು ಕೂರಬೇಕಾದ ಎಡೆಗೆ ಪ್ರಕೃತಿಯೇ ಎರಡು ಎಲ್ಲೆಗಳನ್ನು ಹಾಕಿದೆ. ಮುಂದಿನ ಎಲ್ಲೆಯು ಹೆಗಲೆಲುಬು. ಕುದುರೆಗೆ ನಮ್ಮಂತೆ ಕೊರಳೆಲುಬು ಇಲ್ಲ. ಮುಂಗಾಲುಗಳು ಮಾಂಸ, ಸ್ನಾಯುಗಳ ಜೋಲಿಯಿಂದಲೇ ಒಡಲಿಗೆ ಸೇರಿಕೊಂಡಿವೆ. ಆದುದರಿಂದ ಕಾಲು ಮುಂದಕ್ಕೆ ಚಾಚಿದಾಗಲೆಲ್ಲ ಹೆಗಲೆಲುಬಿನ ಮೇಲಂಚು ತಿರುಗಿ ಹಿಂದಕ್ಕೆ ಸರಿಯುತ್ತದೆ. ಚೌಕಟ್ಟಿನ ಮುಂದಿನ ತುದಿಗಳು ಆ ಅಂಚಿನ ಮೇಲೆ ಕುಳಿತಿದ್ದರೆ ಕುದುರೆಯು ಹೆಜ್ಜೆಹೆಜ್ಜೆಗೂ ಗಟ್ಟಿಯಾದ ಅಡ್ಡಿಗೆ ತನ್ನ ಮೂಳೆಯನ್ನು ತಾಕಿಸಿಕೊಳ್ಳಬೇಕಾಗುತ್ತದೆ. ಕೆಲವು ದಿನಗಳಲ್ಲಿಯೇ ಅದು ಹೆಜ್ಜೆಯನ್ನು ಕುಗ್ಗಿಸುವುದನ್ನು ಕಲಿತು, ಸೋಮಾರಿಯೆಂಬ ಹೆಸರನ್ನು ಪಡೆಯುತ್ತದೆ. ಹಿಂದಿನ ಎಲ್ಲೆಯು ಕೊನೆಯ ಪಕ್ಕೆಲುಬು. ಕುದುರೆಗೆ ಸಾಧಾರಣವಾಗಿ 18 ಜೊತೆ ಪಕ್ಕೆಲುಬುಗಳು. ಅವುಗಳಿಂದಾಚೆಗೆ ಸೊಂಟದ ಕಶೇರುಕಗಳಿಗೆ ಕೆಳಗಿನಿಂದ ಆನಿಕೆಯಿಲ್ಲ. ಮೆತ್ತೆಯ ಭಾರ ಹೊರುವ ಭಾಗವು ಹದಿನೆಂಟನೆಯ ಪಕ್ಕೆಲುಬನ್ನು ದಾಟಕೂಡದು. ಆ ಪಕ್ಕೆಲುಬನ್ನು ಕಂಡುಕೊಳ್ಳಬೇಕಾದರೆ, ಪಕ್ಕೆಯ ಹಿಂಬದಿಯಿಂದ ಬೆರಳುಗಳನ್ನು ಮೃದುವಾಗಿ ಒತ್ತುತ್ತ ಮುಂದಕ್ಕೆ ತಂದು, ಮೊದಲು ತಗಲುವ ಎಲುಬಿನ ಬಾಗನ್ನೇ ಅನುಸರಿಸಿ ಬೆನ್ನುಮೂಳೆಯವರೆಗೆ ಏರಬೇಕು. ಆ ಬಿಂದುವಿನಲ್ಲಿ ಸೀಮೆಸುಣ್ಣದಿಂದ ಗುರುತಿಟ್ಟುಕೊಂಡರೆ ಮುಂದಿನ ಪರೀಕ್ಷೆಗಳಿಗೆ ಅನುಕೂಲ.

ಪರೀಕ್ಷೆಯನ್ನು ಸಮತಟ್ಟಾದ ನೆಲದಲ್ಲಿ, ಕುದುರೆಯು ನಾಲ್ಕು ಕಾಲುಗಳ ಮೇಲೆಯೂ ಸಮನಾಗಿ ನಿಂತು ಕತ್ತನ್ನು ನೇರವಾಗಿ ಹಿಡಿದಿರುವಾಗ ಮಾಡಬೇಕು. ತಲೆಯನ್ನೆತ್ತಿದರೆ ಬೆನ್ನು ತಗ್ಗುತ್ತದೆ, ಮೇಯುವಂತೆ ಬಾಗಿಸಿದರೆ ಬೆನ್ನು ಉಬ್ಬುತ್ತದೆ, ಎರಡೂ ನಮ್ಮನ್ನು ದಾರಿತಪ್ಪಿಸುತ್ತವೆ. ಜೀನಿನ ಕೆಳಗೆ ಬಟ್ಟೆಯನ್ನಾಗಲಿ ನಮ್ದಾವನ್ನಾಗಲಿ ಹಾಕದೆ, ಬರಿಯ ಬೆನ್ನಿನ ಮೇಲೆ, ಹೆಗಲ ದಿಬ್ಬದಿಂದ ಸ್ವಲ್ಪ ಮುಂದಕ್ಕೆ ಜೀನನ್ನಿಟ್ಟು, ಕೂದಲು ಮಲಗಿದ ದಿಕ್ಕಿನಲ್ಲಿ ಮೆಲ್ಲನೆ ಹಿಂದಕ್ಕೆ ಸರಿಸುತ್ತ ಹೋದರೆ, ಅದು ತಾನಾಗಿಯೇ ನೆಲೆಗೊಂಡು ನಿಲ್ಲುವ ಒಂದು ಎಡೆ ದೊರೆಯುತ್ತದೆ. ಅಲ್ಲಿ ಚೌಕಟ್ಟಿನ ಮುಂದಿನ ತುದಿಯು ಹೆಗಲೆಲುಬಿನ ಹಿಂಚಿನಿಂದ ಎರಡು ಮೂರು ಬೆರಳಗಲ ಹಿಂದಿರಬೇಕು. ಒಬ್ಬರು ಕುದುರೆಯ ಮುಂಗಾಲನ್ನೆತ್ತಿ ಮೆಲ್ಲನೆ ಮುಂದಕ್ಕೆ ಎಳೆದು ಹಿಡಿದಾಗ ಇನ್ನೊಬ್ಬರು ಜೀನಿನ ಅಂಚಿನೊಳಗೆ ಅಂಗೈಯನ್ನು ತೂರಿಸಿಟ್ಟುಕೊಂಡರೆ, ಹಿಂದಕ್ಕೆ ಸರಿದು ಬರುವ ಎಲುಬು ಕೈಯನ್ನು ಎಷ್ಟು ಹಿಸುಕುವುದೆಂಬುದು ಯಾವ ಪುಸ್ತಕದ ವಿವರಣೆಗಿಂತಲೂ ಸ್ಪಷ್ಟವಾಗಿ ತಿಳಿದುಬರುತ್ತದೆ.

ಚೌಕಟ್ಟಿನ ಅಗಲವನ್ನು ನೋಡುವುದು ಇದಾದ ಮೇಲೆ. ಮುಂದೆ ನಿಂತು ನೋಡಿದರೆ ಚೌಕಟ್ಟಿನ ತೋಳುಗಳ ಇಳಿಜಾರು ಕುದುರೆಯ ಹೆಗಲಿನ ಇಳಿಜಾರಿಗೆ ಸಮಾನಾಂತರವಾಗಿರಬೇಕು. ಚೌಕಟ್ಟು ಕಿರಿದಾಗಿದ್ದರೆ ಜೀನಿನ ಮುಂಭಾಗವು ಮೇಲಕ್ಕೆದ್ದು ನಿಂತು, ಹೆಗಲ ದಿಬ್ಬದ ಕೆಳಗಿನ ಮಾಂಸವನ್ನು ಎರಡು ಕಡೆಯಿಂದಲೂ ಹಿಂಡುತ್ತದೆ. ಸವಾರನು ಹಿಂದಕ್ಕೆ ವಾಲಿ, ಅವನ ಭಾರವೆಲ್ಲ ಜೀನಿನ ಹಿಂದಿನ ಏರಿನ ಕೆಳಗೆ, ಕುದುರೆಯ ಬೆನ್ನಿನ ಅತ್ಯಂತ ದುರ್ಬಲವಾದ ಭಾಗಕ್ಕೆ ಸಮೀಪದಲ್ಲಿ ಬೀಳುತ್ತದೆ. ಅತಿ ಅಗಲವಾಗಿದ್ದರೆ ಮುಂಭಾಗವು ಕುಸಿದು ಹೆಗಲ ದಿಬ್ಬದ ಮೂಳೆಯ ಮೇಲೆಯೇ ಕೂರುತ್ತದೆ. ಸವಾರನು ಮುಂದಕ್ಕೆ ಜಾರುತ್ತಾನೆ. ಸವಾರನು ಹತ್ತಿ ಕುಳಿತ ಮೇಲೆಯೂ ಹೆಗಲ ದಿಬ್ಬಕ್ಕೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳುಗಳು ಸುಲಭವಾಗಿ ಹೋಗುವಷ್ಟು ಎಡೆಯುಳಿಯಬೇಕು. ಹತ್ತುವ ಮುನ್ನ ಇದ್ದ ಎಡೆಯು ಹತ್ತಿದ ಮೇಲೆ ಮಾಯವಾಗುವುದು ಸಾಮಾನ್ಯವಾದುದರಿಂದ, ಬರಿಯ ಜೀನನ್ನಿಟ್ಟು ನೋಡಿ ತೃಪ್ತರಾಗುವುದು ಸಾಲದು.

ಇಲ್ಲಿ ಬಹು ಪ್ರಚಲಿತವಾದ ಒಂದು ಭ್ರಾಂತಿಯನ್ನು ಕುರಿತು ಹೇಳಲೇಬೇಕು. ಜೀನು ಒತ್ತುತ್ತಿದೆಯೆಂದು ಅನುಮಾನ ಬಂದೊಡನೆ ಅದರ ಕೆಳಗೆ ದಪ್ಪನೆಯ ಮೆತ್ತೆಯೊಂದನ್ನು ಹೆಚ್ಚಾಗಿ ಸೇರಿಸುವುದು ಲಾಯಗಳಲ್ಲಿ ರೂಢಿ. ಅದು ದಯೆಯಿಂದಲೇ ಮಾಡುವ ಕೆಲಸ. ಆದರೆ ಚೌಕಟ್ಟು ಕಿರಿದಾದುದೇ ನೋವಿಗೆ ಕಾರಣವಾಗಿದ್ದಾಗ ಆ ಹೆಚ್ಚಿನ ಮೆತ್ತೆಯು, ಬಿಗಿಯಾದ ಬೂಟಿನೊಳಗೆ ಇನ್ನೊಂದು ಕಾಲುಚೀಲವನ್ನು ತೊಟ್ಟಂತೆ, ಹಿಸುಕುವಿಕೆಯನ್ನು ಹೆಚ್ಚಿಸುತ್ತದೆ. ಅಗಲವಾದ ಜೀನಿಗೆ, ಅದೂ ಕೆಲವು ವಾರಗಳ ತಾತ್ಕಾಲಿಕ ಪರಿಹಾರವಾಗಿ, ಮೆತ್ತೆಯು ಉಪಯುಕ್ತ. ಕಿರಿದಾದ ಜೀನಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಬಟ್ಟೆಯನ್ನು ಹಾಕುವಾಗಲೂ ಅದನ್ನು ಹೆಗಲ ದಿಬ್ಬದ ಮೇಲೆ ಬಿಗಿಯಾಗಿ ಎಳೆದುಬಿಡದೆ, ಜೀನಿನ ಕಮಾನಿನೊಳಕ್ಕೆ ಎತ್ತಿ ಸಡಿಲವಾಗಿ ನಿಲ್ಲಿಸಬೇಕು.

ನಡುವಣ ಓಣಿಯ ಅಗಲವು ಆದಿಯಿಂದ ಅಂತ್ಯದವರೆಗೂ ಮೂರು ನಾಲ್ಕು ಬೆರಳಷ್ಟಿರಬೇಕು; ಮುಂದೆ ಅಗಲವಾಗಿದ್ದು ಹಿಂದಕ್ಕೆ ಕಿರಿದಾಗುವ ಜೀನುಗಳು ಬೆನ್ನುಮೂಳೆಯ ಮಗ್ಗುಲನ್ನು ಒತ್ತಿ, ತಿರುವುಗಳಲ್ಲಿ ಕುದುರೆಯನ್ನು ಬಾಗದಂತೆ ಮಾಡುತ್ತವೆ. ಸುರಕ್ಷಿತವಾದ ದೂರದಲ್ಲಿ ಕುದುರೆಯ ಹಿಂದೆ ನಿಂತು ನೋಡಿದರೆ ಓಣಿಯ ಆ ತುದಿಯ ಬೆಳಕು ಈ ತುದಿಗೆ ಕಾಣಬೇಕು. ತರುವಾಯ ಮೆತ್ತೆಗಳ ಸ್ಪರ್ಶ: ಒಂದು ಕೈಯಿಂದ ಜೀನನ್ನು ಮೃದುವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಚಪ್ಪಟೆಯಾಗಿ ಮೆತ್ತೆಯ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಸರಿಸಬೇಕು. ಒತ್ತಡವು ಉದ್ದಕ್ಕೂ ಒಂದೇ ಸಮನಾಗಿದ್ದರೆ ಲೇಸು. ಮುಂದೆಯೂ ಹಿಂದೆಯೂ ಬಿಗಿಯಾಗಿದ್ದು ನಡುವೆ ಕೈ ಸಲೀಸಾಗಿ ಹರಿದರೆ ಜೀನು ಸೇತುವೆಯಾಗಿ ನಿಂತಿದೆ, ಸವಾರನ ಭಾರವೆಲ್ಲ ನಾಲ್ಕು ಬಿಂದುಗಳ ಮೇಲಿದೆ ಎಂದರ್ಥ. ನಡುವೆ ಬಿಗಿಯಾಗಿದ್ದು ಎರಡು ತುದಿಗಳೂ ಎದ್ದಿದ್ದರೆ ಜೀನು ಹೆಜ್ಜೆಗೊಮ್ಮೆ ತೂಗಾಡುತ್ತ ಚರ್ಮವನ್ನು ಉಜ್ಜುತ್ತದೆ. ಆಸನದ ಮಟ್ಟವನ್ನು ತಿಳಿಯಲು ದುಂಡನೆಯ ಪೆನ್ಸಿಲೊಂದನ್ನು ಅದರ ಮೇಲೆ ಅಡ್ಡಲಾಗಿ ಇಟ್ಟರೆ ಸಾಕು. ಅದು ಉರುಳಿ ನಿಲ್ಲುವ ಎಡೆಯು ಆಸನದ ನಡುಭಾಗವಾಗಿರಬೇಕು.

ಹೊಟ್ಟೆಪಟ್ಟಿಯ ವಿಷಯವನ್ನು ಜನ ಅಷ್ಟಾಗಿ ಲಕ್ಷಿಸುವುದಿಲ್ಲ. ಪಟ್ಟಿಯನ್ನು ಬಿಗಿದಾಗ ಅದು ಮೊಣಕೈಯ ಹಿಂದೆ ಸುಮಾರು ಒಂದು ಹಿಡಿಯಗಲದ ದೂರದಲ್ಲಿರುವ, ಎದೆಯ ಗೂಡಿನ ಸಹಜವಾದ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಜೀನಿನಿಂದ ಇಳಿಬಿದ್ದ ವಾರುಗಳು ಆ ತಗ್ಗಿಗೆ ನೇರವಾಗಿ ಇಳಿಯದಿದ್ದರೆ ಪಟ್ಟಿಯು ಜೀನನ್ನೇ ತನ್ನ ಕಡೆಗೆ ಎಳೆಯುತ್ತದೆ. ಎಷ್ಟು ಸಲ ಹಿಂದಕ್ಕಿಟ್ಟರೂ ಹತ್ತು ನಿಮಿಷಗಳಲ್ಲಿ ಹೆಗಲ ಮೇಲೇರುವ ಜೀನಿನ ರಹಸ್ಯವು ಪ್ರಾಯಶಃ ಇದೇ. ಬಿಗಿಯುವುದನ್ನು ಒಂದೇ ಎಳೆತಕ್ಕೆ ಮಾಡದೆ, ಎಡಬಲಗಳಲ್ಲಿ ಸಮನಾಗಿ, ಎರಡು ಮೂರು ಬಾರಿಗೆ, ನಡುವೆ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ಮಾಡತಕ್ಕದ್ದು. ನೆಲದಿಂದ ರಿಕಾಬಿಗೆ ಕಾಲಿಟ್ಟು ಏರುವುದಕ್ಕಿಂತ ಮೆಟ್ಟಿಲಿನ ಮೇಲೆ ನಿಂತು ಏರುವುದು ಮೇಲು. ಯಾವಾಗಲೂ ಎಡಗಡೆಯಿಂದಲೇ ಏರುವ ನಮ್ಮ ಪದ್ಧತಿಯಿಂದ ಚೌಕಟ್ಟು ತಿರುಚಿಕೊಳ್ಳುತ್ತದೆ, ಕುದುರೆಯ ಹೆಗಲ ದಿಬ್ಬವು ಒಂದು ಕಡೆಗೆ ಎಳೆಯಲ್ಪಡುತ್ತದೆ, ಎಡಗಡೆಯ ರಿಕಾಬಿನ ವಾರು ಕಾಲಕ್ರಮದಲ್ಲಿ ಉದ್ದವಾಗುತ್ತದೆ. ಎಡಬಲದ ವಾರುಗಳನ್ನು ಆಗಾಗ ಅದಲುಬದಲು ಮಾಡುವುದರಿಂದ ಈ ಕೊನೆಯ ದೋಷವನ್ನಾದರೂ ನಿವಾರಿಸಬಹುದು.

ನಿಂತ ಕುದುರೆಯ ಮೇಲೆ ಒಪ್ಪಿದ ಜೀನು ನಡೆಯುವ ಕುದುರೆಗೆ ಒಪ್ಪಲೇಬೇಕೆಂಬ ನಿಯಮವಿಲ್ಲ. ಆದುದರಿಂದ ನಡಿಗೆ, ಟ್ರಾಟ್, ಕ್ಯಾಂಟರ್ ಮೂರರಲ್ಲಿಯೂ, ಎರಡು ದಿಕ್ಕಿನ ಸುತ್ತುಗಳಲ್ಲಿಯೂ, ನೆಲದ ಮೇಲೆ ನಿಂತವರೊಬ್ಬರು ನೋಡಬೇಕು: ಜೀನಿನ ಹಿಂಭಾಗವು ಬೆನ್ನನ್ನು ಬಿಟ್ಟು ಕುಕ್ಕುತ್ತಿದೆಯೇ, ಒಂದು ಮಗ್ಗುಲಿಗೆ ಸರಿಯುತ್ತಿದೆಯೇ. ಸರಿಯುವ ಜೀನನ್ನು ಕಂಡೊಡನೆ ಜೀನಿನದೇ ತಪ್ಪೆಂದು ತೀರ್ಮಾನಿಸಬಾರದು. ಹಿಂಗಾಲಿನ ಕಣ್ಣಿಗೆ ಕಾಣದ ಕುಂಟುತನವೂ ಜೀನನ್ನು ಒಂದು ಕಡೆಗೆ ಸರಿಸುವುದುಂಟೆಂಬುದನ್ನು ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ ಮತ್ತು ಅವರ ಸಂಗಡಿಗರ ಸಂಶೋಧನೆಗಳು ತೋರಿಸಿಕೊಟ್ಟಿವೆ. ಸವಾರಿಯ ಹೊತ್ತಿನಲ್ಲಿ ಕುದುರೆಯು ತೋರುವ 24 ವರ್ತನೆಗಳ ಪಟ್ಟಿಯೊಂದನ್ನೂ ಅವರು 2018ರಲ್ಲಿ ಪ್ರಕಟಿಸಿದರು: ಕಿವಿಗಳನ್ನು ಹಿಂದಕ್ಕೆ ಮಲಗಿಸಿರುವುದು, ಬಾಲವನ್ನು ಬೀಸುತ್ತಿರುವುದು, ಮತ್ತೆ ಮತ್ತೆ ಬಾಯಿ ತೆರೆಯುವುದು, ನಡೆಯಲೊಲ್ಲದೆ ನಿಲ್ಲುವುದು ಮೊದಲಾದವು. ಇವುಗಳಲ್ಲಿ 8 ಅಥವಾ ಅದಕ್ಕೂ ಹೆಚ್ಚು ಕಂಡುಬಂದರೆ ಕುದುರೆಯು ನೋವಿನಿಂದಿರುವ ಸಂಭವವು ಬಲವಾದುದು. ನಾವು ಹಟವೆಂದೂ ಕೆಟ್ಟ ಬುದ್ಧಿಯೆಂದೂ ಕರೆದು, ಅದಕ್ಕಾಗಿ ಚಾಟಿಯನ್ನೆತ್ತುವ ನಡತೆಗಳಲ್ಲಿ ಎಷ್ಟೋ ಈ ಪಟ್ಟಿಯೊಳಗಿವೆಯೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಯನ್ನು ಗದರಿಸುವ ಮುನ್ನ ಅದರ ಬೆನ್ನನ್ನು ಬೆರಳುಗಳಿಂದ ಒತ್ತಿ ನೋಡುವಷ್ಟು ತಾಳ್ಮೆ ಪ್ರತಿಯೊಬ್ಬ ಸವಾರನಿಗೂ ಇರತಕ್ಕದ್ದು.

ಸವಾರಿ ಮುಗಿದು ಜೀನನ್ನಿಳಿಸಿದಾಗ ಬೆವರಿನ ಗುರುತನ್ನು ಓದುವುದು ಹಳೆಯ ಕಾಲದಿಂದಲೂ ಬಂದ ಪದ್ಧತಿ. ಮೆತ್ತೆಗಳ ಅಡಿಯಲ್ಲಿ ಎರಡು ಕಡೆಯೂ ಒಂದೇ ಸಮನಾಗಿ ಒದ್ದೆಯಾಗಿ, ನಡುವಣ ಓಣಿಯು ಒಣಗಿದ್ದರೆ ಚಿಂತೆಯಿಲ್ಲ. ಒದ್ದೆಯ ನಡುವೆ ಅಂಗೈಯಗಲದ ಒಣ ತೇಪೆಯಿದ್ದರೆ, ಅಲ್ಲಿ ಅತಿಯಾದ ಒತ್ತಡದಿಂದ ಬೆವರಿನ ಗ್ರಂಥಿಗಳು ಮುಚ್ಚಿಹೋಗಿರಬಹುದು, ಇಲ್ಲವೇ ಜೀನು ಅಲ್ಲಿ ತಾಕದೆಯೇ ಇದ್ದಿರಬಹುದು. ಕೈಯಿಂದ ಮುಟ್ಟಿ, ಬಿಸಿಯೋ ಬಾವೋ ಉಂಟೇ ಎಂದು ನೋಡಿ ನಿರ್ಣಯಿಸಬೇಕು. ಕಪ್ಪು ಅಥವಾ ಕಂದು ಕುದುರೆಯ ಬೆನ್ನಿನ ಮೇಲೆ ಜೀನಿನೆಡೆಯಲ್ಲಿ ಬಿಳಿಯ ಕೂದಲಿನ ಮಚ್ಚೆಗಳಿದ್ದರೆ, ಅವು ಹಿಂದೆಂದೋ ಒತ್ತಡದಿಂದ ಕೂದಲಿನ ಬೇರು ಕೆಟ್ಟುದರ ಸಾಕ್ಷಿ.

ಇನ್ನು ಸವಾರನ ಮಾತು. ಸವಾರನಿಗೆ ಒಪ್ಪದ ಜೀನು ಸವಾರನಿಗೆ ಮಾತ್ರ ತೊಂದರೆ ಕೊಡುವುದೆಂದು ತಿಳಿಯುವುದು ತಪ್ಪು. ತನ್ನ ಸಮತೋಲವನ್ನು ಕಾಣದವನು ಲಗಾಮಿನಲ್ಲಿ ಜೋತುಬೀಳುತ್ತಾನೆ, ಮಂಡಿಗಳಿಂದ ಹಿಡಿದುಕೊಳ್ಳುತ್ತಾನೆ, ಆಸನದ ಮೇಲೆ ಕುಕ್ಕರಿಸುತ್ತಾನೆ. ಅವನ ಪ್ರತಿಯೊಂದು ಅಸೌಖ್ಯವೂ ಮೆತ್ತೆಗಳ ಮೂಲಕ ಕುದುರೆಯ ಬೆನ್ನಿಗೆ ಇಳಿಯುತ್ತದೆ. ಆಸನದ ಅಳತೆಯನ್ನು ಮುಂದಿನ ಗುಬುಟಿನಿಂದ ಹಿಂದಿನ ಏರಿನ ನಡುವಿನವರೆಗೆ ಇಂಚುಗಳಲ್ಲಿ ಹೇಳುವುದು ವಾಡಿಕೆ. ವಯಸ್ಕರಿಗೆ ಸಾಮಾನ್ಯವಾಗಿ 16½ರಿಂದ 18 ಇಂಚು. ಸರಿಯಾದ ಅಳತೆಯಲ್ಲಿ ಕುಳಿತಾಗ ಬೆನ್ನ ಹಿಂದೆ ಸುಮಾರು ಒಂದು ಅಂಗೈಯಗಲದ ಎಡೆಯುಳಿಯುತ್ತದೆ. ಈ ಅಳತೆಯು ಸೊಂಟದ ಸುತ್ತಳತೆಗಿಂತ ತೊಡೆಯ ಉದ್ದವನ್ನು ಹೆಚ್ಚಾಗಿ ಅವಲಂಬಿಸಿದೆ. ತೆಳ್ಳಗಿದ್ದರೂ ನೀಳವಾದ ತೊಡೆಗಳುಳ್ಳವರಿಗೆ ದೊಡ್ಡ ಆಸನವೇ ಬೇಕಾಗಬಹುದು. ಮಗ್ಗುಲಿಗೆ ಇಳಿಬಿದ್ದ ತೊಗಲ ಹಾಳೆಯಿಂದಾಚೆಗೆ ಮಂಡಿಯು ಚಾಚಿಕೊಳ್ಳಬಾರದು. ಅಡೆತಡೆಗಳನ್ನು ಹಾರುವವರಿಗೆ ಮುಂದಕ್ಕೆ ಬಾಗಿದ ಹಾಳೆ, ಉದ್ದ ರಿಕಾಬಿನಲ್ಲಿ ಡ್ರೆಸಾಜ್ ಅಭ್ಯಾಸ ಮಾಡುವವರಿಗೆ ನೇರವಾದ ಹಾಳೆ ಸೂಕ್ತ.

ರಿಕಾಬನ್ನು ತೂಗುಹಾಕುವ ಕೊಂಡಿಯ ಸ್ಥಾನವನ್ನು ಕಲಿಯುವವರು ಗಮನಿಸುವುದೇ ಇಲ್ಲ. ಅದು ಅತಿ ಮುಂದಿದ್ದರೆ ಕಾಲು ಮುಂದಕ್ಕೆ ಜಾರಿ, ಸವಾರನು ಕುರ್ಚಿಯಲ್ಲಿ ಕುಳಿತವನಂತಾಗುತ್ತಾನೆ. ಶಿಕ್ಷಕನು ಎಷ್ಟು ಬಾರಿ ಕಾಲನ್ನು ಹಿಂದಕ್ಕೆ ತರುವಂತೆ ಕೂಗಿದರೂ ಜೀನು ಅದಕ್ಕೆ ಎಡೆಗೊಡುವುದಿಲ್ಲ. ಪಕ್ಕದಿಂದ ನೋಡಿದಾಗ ಕಿವಿ, ಭುಜ, ಸೊಂಟ, ಹಿಮ್ಮಡಿ ಈ ನಾಲ್ಕೂ ಒಂದೇ ಲಂಬರೇಖೆಯಲ್ಲಿ, ಬಲಾತ್ಕಾರವಿಲ್ಲದೆ, ನಿಲ್ಲುವಂತಾಗಬೇಕು. ತೊಡೆಗಳ ನಡುವೆ ಬರುವ ಆಸನದ ಭಾಗವು ಕೆಲವರಿಗೆ ಕಿರಿದಾಗಿಯೂ ಕೆಲವರಿಗೆ ಅಗಲವಾಗಿಯೂ ಬೇಕಾಗುತ್ತದೆ. ಸ್ತ್ರೀಯರ ಕಟಿಯೆಲುಬಿನ ರಚನೆಯು ಪುರುಷರದಕ್ಕಿಂತ ಭಿನ್ನವಾಗಿದ್ದು, ಕೂರುವ ಎಲುಬುಗಳ ನಡುವಣ ಅಂತರವು ಸಾಮಾನ್ಯವಾಗಿ ಹೆಚ್ಚು. ಪುರುಷರ ಮೈಕಟ್ಟಿಗೆ ಅಳವಟ್ಟ ಜೀನಿನಲ್ಲಿ ಎಷ್ಟೋ ಮಂದಿ ಹೆಣ್ಣುಮಕ್ಕಳು ಮುಂಭಾಗದ ನೋವನ್ನು ಸಂಕೋಚದಿಂದ ಹೇಳದೆ ಸಹಿಸುತ್ತಾರೆ. ಸಹಿಸಬೇಕಾದುದಿಲ್ಲ, ಬೇರೆ ಆಸನವನ್ನು ಕೇಳಿ ಪಡೆಯುವುದು ಅವರ ಹಕ್ಕು.

ಕಠಿನವಾದ ಪ್ರಸಂಗವು ಉದ್ಭವಿಸುವುದು ಇಬ್ಬರ ಅಗತ್ಯಗಳೂ ಒಂದಕ್ಕೊಂದು ವಿರುದ್ಧವಾದಾಗ. ನೀಳಕಾಯದ ಸವಾರನಿಗೆ 18 ಇಂಚಿನ ಆಸನ ಬೇಕು. ಗಿಡ್ಡ ಬೆನ್ನಿನ ಕುದುರೆಯ ಹದಿನೆಂಟನೆಯ ಪಕ್ಕೆಲುಬು ಅಷ್ಟು ದೂರದವರೆಗೆ ಇಲ್ಲ. ಹಿಂದಕ್ಕೆ ಮೇಲ್ಮುಖವಾಗಿ ಬಾಗಿದ ಮೆತ್ತೆಗಳುಳ್ಳ ಜೀನಿನಿಂದ, ಅಥವಾ ಹಾಳೆಯನ್ನು ಮುಂದಕ್ಕೆ ಕತ್ತರಿಸಿ ಚಿಕ್ಕ ಆಸನದಲ್ಲಿಯೇ ಮಂಡಿಗೆ ಎಡೆ ಮಾಡಿಕೊಟ್ಟ ಜೀನಿನಿಂದ, ಒಂದಿಷ್ಟು ಹೊಂದಾಣಿಕೆ ಸಾಧ್ಯ. ಅದೂ ಸಾಲದಾದರೆ ಸವಾರನು ಬೇರೊಂದು ಕುದುರೆಯನ್ನು ಆರಿಸಿಕೊಳ್ಳಬೇಕು. ಜೀನು ಮೊದಲಾದ ಸಾಮಗ್ರಿಯೂ ಸೇರಿ ಸವಾರನ ಭಾರವು ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ವ್ಯಾಪಕವಾಗಿ ಅನುಸರಿಸುವ ಮಿತಿ. 400 ಕಿಲೋ ತೂಗುವ ಕುದುರೆಗೆ ಎಲ್ಲವೂ ಕೂಡಿ 80 ಕಿಲೋ. ಈ ಮಿತಿಯೊಳಗಿದ್ದರೂ ಆ ಭಾರವು ಹರಡಲು ಎಡೆಯಿಲ್ಲದಿದ್ದರೆ ಅದು ಹೆಚ್ಚೇ.

ಇಂದು ಒಪ್ಪಿದ ಜೀನು ಆರು ತಿಂಗಳ ತರುವಾಯವೂ ಒಪ್ಪುವುದೆಂದು ನಂಬಲಾಗದು. ಎಳೆಯ ಕುದುರೆಯು ಬೆಳೆಯುತ್ತದೆ, ಕೆಲಸಕ್ಕೆ ಹೂಡಿದ ಕುದುರೆಯ ಬೆನ್ನು ಮಾಂಸದುಂಬುತ್ತದೆ, ಕಾಯಿಲೆ ಬಿದ್ದ ಕುದುರೆ ಸೊರಗುತ್ತದೆ. ಮೆತ್ತೆಯೊಳಗಿನ ಉಣ್ಣೆಯೂ ಬಳಸುತ್ತ ಬಳಸುತ್ತ ಅಡಕವಾಗಿ ಗಂಟುಗಟ್ಟುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡಗೂಡಿ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಕಾಲದಲ್ಲಿ, ದೀರ್ಘ ಪ್ರಯಾಣದಲ್ಲಿ ಕುದುರೆಗಳು ಮೈಯಿಳಿಯುವುದು ಅಶ್ವದಳಗಳಿಗೆಲ್ಲ ನಿತ್ಯದ ಚಿಂತೆಯಾಗಿದ್ದಿತು. ಜೀನಿನ ಕೆಳಗಿನ ಕಂಬಳಿಯ ಮಡಿಕೆಗಳನ್ನು ಬದಲಿಸಿ ಕುಳಿಬಿದ್ದ ಬೆನ್ನನ್ನು ತುಂಬಿಕೊಡುವುದು, ಆಗಾಗ ಸವಾರರು ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗುವುದು ಸೈನಿಕ ಶಿಕ್ಷಣದ ಭಾಗಗಳಾಗಿದ್ದವು. ನಮಗೆ ಅಂಥ ತುರ್ತಿಲ್ಲವಾದುದರಿಂದ ಇನ್ನೂ ಕ್ರಮವಾಗಿ ಮಾಡಬಹುದು. ಬಗ್ಗಿಸಿದಂತೆ ನಿಲ್ಲುವ ಮೆತುವಾದ ಲೋಹದ ತಂತಿಯೊಂದನ್ನು ಹೆಗಲೆಲುಬಿನ ಹಿಂದೆ, ಜೀನಿನ ನಡುವೆ, ಕೊನೆಯ ಪಕ್ಕೆಲುಬಿನ ಬಳಿ, ಹೀಗೆ ಮೂರು ಕಡೆ ಬೆನ್ನಿಗೆ ಅಡ್ಡಲಾಗಿ ಒತ್ತಿ, ಅದರ ಆಕಾರವನ್ನು ಕಾಗದದ ಮೇಲೆ ಬರೆದು ತಾರೀಖನ್ನು ಹಾಕಿಟ್ಟುಕೊಳ್ಳಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ರೇಖೆಯನ್ನು ಹಳೆಯದರ ಮೇಲಿಟ್ಟು ನೋಡಿದರೆ ಬದಲಾವಣೆಯು ಕಣ್ಣಿಗೆ ಕಾಣುತ್ತದೆ. ದೂರದ ಜೀನಗಾರನಿಗೆ ಬರೆದು ಕೇಳುವಾಗಲೂ ಈ ರೇಖೆಗಳನ್ನು ಕಳುಹಿಸಬಹುದು. ಇಂಗ್ಲೆಂಡಿನ ವಾಲ್ಸಾಲ್ ಪಟ್ಟಣವು ಈ ಕಸಬಿಗೆ ಹೇಗೋ, ನಮ್ಮ ದೇಶದಲ್ಲಿ ಕಾನ್ಪುರವು ಹಾಗೆ ಪ್ರಸಿದ್ಧ. ಅಲ್ಲಿನ ಜೀನಿನ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಕುದುರೆಯ ಅಳತೆಯನ್ನು ಸರಿಯಾಗಿ ಕೊಟ್ಟವನಿಗೆ ಅಲ್ಲಿಂದ ಒಳ್ಳೆಯ ಜೀನು ಒದಗುವುದು ಅಸಾಧ್ಯವೇನಲ್ಲ.

ಬಳಸಿದ ಜೀನನ್ನು ಕೊಳ್ಳುವವರು ಎಲ್ಲಕ್ಕೂ ಮೊದಲು ಚೌಕಟ್ಟು ಮುರಿದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮುಂದಿನ ಕಮಾನಿನ ಎರಡು ತೋಳುಗಳನ್ನು ಕೈಗಳಿಂದ ಒಳಕ್ಕೆ ಅದುಮಿ, ಹೊರಕ್ಕೆ ಎಳೆದು ನೋಡಿದಾಗ ಅವು ಅಲುಗಬಾರದು, ಕಿರುಗುಟ್ಟಬಾರದು. ಜೀನಿನ ಮುಂಭಾಗವನ್ನು ಹೊಟ್ಟೆಗಾನಿಸಿಕೊಂಡು ಹಿಂದಿನ ಏರನ್ನು ತನ್ನ ಕಡೆಗೆ ಎಳೆದಾಗ, ಉಕ್ಕಿನ ಪಟ್ಟಿಯುಳ್ಳ ಚೌಕಟ್ಟು ತುಸು ಮಣಿದು ಮತ್ತೆ ಹಿಂದಿರುಗಬೇಕು, ಆಸನದ ತೊಗಲು ಅಡ್ಡಲಾಗಿ ಸುಕ್ಕುಗಟ್ಟಬಾರದು. ಕುದುರೆಯು ಜೀನಿನೊಡನೆ ಮಲಗಿ ಹೊರಳಿದಾಗಲೂ, ಜೀನು ಎತ್ತರದಿಂದ ಬಿದ್ದಾಗಲೂ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮುರಿದುದೆಂದು ತಿಳಿದ ಜೀನಿನಿಂದ ರಿಕಾಬುಗಳನ್ನೂ ಅವುಗಳ ವಾರುಗಳನ್ನೂ ಬಿಚ್ಚಿಟ್ಟುಕೊಂಡು, ಹೊಟ್ಟೆಪಟ್ಟಿಯನ್ನು ಕಟ್ಟುವ ವಾರುಗಳನ್ನು ಬುಡದಲ್ಲಿಯೇ ಕೊಯ್ದುಹಾಕಿದರೆ, ಅದು ಅಗ್ಗದ ಬೆಲೆಗೆ ಯಾರದೋ ಕೈಸೇರಿ ಇನ್ನೊಂದು ಕುದುರೆಯ ಬೆನ್ನನ್ನೇರುವುದು ತಪ್ಪುತ್ತದೆ.